ಮರ ಏರುವ ಕೆಲಸಕ್ಕೆ ಯಂತ್ರಚಾಲಿತ ವಿಂಚ್: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಅಡಿಕೆ, ತೆಂಗು, ಕಾಳುಮೆಣಸು, ಕಾಫಿ, ಈ ನಾಲ್ಕು ಬೆಳೆಗಳಲ್ಲಿಯೂ ಯಾರಾದರೊಬ್ಬರು ಮರ ಏರದೆ ಕೆಲಸ ಸಾಗುವುದಿಲ್ಲ. ಅಡಿಕೆಗೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯಬೇಕು, ಆಮೇಲೆ ಕೊನೆ ಕೊಯ್ಯಬೇಕು. ಕಾಫಿ ತೋಟದಲ್ಲಿ ಮಳೆಗೆ ಮುಂಚೆ ಮರಗಸಿ ಮುಗಿಯಬೇಕು. ಏರಬಲ್ಲ ಆಳುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ, ಮೋಟಾರಿನಿಂದ ಹಗ್ಗ ಎಳೆದು ಆಳನ್ನೇ ಮೇಲೇರಿಸಬಾರದೇಕೆ ಎಂದು ರೈತರು ಕೇಳುತ್ತಾರೆ. ಏರಿಸಬಹುದು. ಆದರೆ ಎಲ್ಲ ಮರಕ್ಕೂ ಅಲ್ಲ. ಲೆಕ್ಕ ತಪ್ಪಿದರೆ ಹೋಗುವುದು ಆಳಿನ ಜೀವ. ಆದ್ದರಿಂದ ಮೊದಲು ಲೆಕ್ಕವನ್ನೇ ನೋಡೋಣ.

ಆಯಾಸ ಬರುವುದು ಎಲ್ಲಿಂದ?

ಅರುವತ್ತು ಕಿಲೋ ತೂಕದ ಆಳು ಕತ್ತಿ, ಹಗ್ಗ ಮುಂತಾದ 5 ಕಿಲೋ ಸಾಮಾನಿನೊಂದಿಗೆ 12 ಮೀಟರ್ ಏರುತ್ತಾನೆ ಎನ್ನಿ. ಅವನು ಮಾಡುವ ಕೆಲಸ ಸುಮಾರು 7,600 ಜೂಲ್, ಅಂದರೆ ಎರಡು ಕಿಲೋ ಕ್ಯಾಲೊರಿಗೂ ಕಡಿಮೆ. ನಮ್ಮ ಸ್ನಾಯುಗಳು ಉಂಡ ಆಹಾರದ ಶಕ್ತಿಯಲ್ಲಿ ಐದನೆಯ ಒಂದು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುವುದರಿಂದ ದೇಹಕ್ಕೆ ಆಗುವ ಖರ್ಚು ಸುಮಾರು 9 ಕಿಲೋ ಕ್ಯಾಲೊರಿ. ದಿನಕ್ಕೆ 50 ಸಲ ಏರಿದರೂ 450 ಕಿಲೋ ಕ್ಯಾಲೊರಿ. ಅಷ್ಟು ಶಕ್ತಿ ಕಾಲು ಕಿಲೋ ಅಕ್ಕಿಯ ಅರ್ಧದಲ್ಲಿಯೇ ಇದೆ. ಹಾಗಿದ್ದರೆ ಮಧ್ಯಾಹ್ನಕ್ಕೇ ಆಳು ಸೋತುಹೋಗುವುದೇಕೆ?

ಮೊದಲನೆಯ ಕಾರಣ ವೇಗ. ಆ 12 ಮೀಟರನ್ನು ಅವನು 40 ಸೆಕೆಂಡಿನಲ್ಲಿ ಏರಿದರೆ ದೇಹದಿಂದ ಹೊರಡುವ ಶಕ್ತಿ ಸುಮಾರು 190 ವ್ಯಾಟ್, ಎಂದರೆ ಕಾಲು ಅಶ್ವಶಕ್ತಿ. ಮನುಷ್ಯ ದಿನವಿಡೀ ದಣಿಯದೆ ಕೊಡಬಲ್ಲದ್ದು ಅಶ್ವಶಕ್ತಿಯ ಹತ್ತನೆಯ ಒಂದು ಭಾಗ ಮಾತ್ರ. ಎರಡನೆಯ ಕಾರಣ ಹಿಡಿತ. ಮೇಲಕ್ಕೆ ಸಾಗದೆ ಸುಮ್ಮನೆ ಮರ ತಬ್ಬಿ ನಿಂತಿರುವಾಗಲೂ ತೋಳು, ಮುಂಗೈ, ತೊಡೆಗಳು ಬಿಗಿದೇ ಇರುತ್ತವೆ. ಮೇಲಿನ ಲೆಕ್ಕದಲ್ಲಿ ಇದು ಸೇರಿಲ್ಲ. ತುದಿ ತಲಪಿದ ಮೇಲೆ ಕತ್ತಿ ಬೀಸಬೇಕಾದದ್ದು ಅದೇ ದಣಿದ ಕೈ. ಯಂತ್ರ ಉಳಿಸಿಕೊಡಬೇಕಾದದ್ದು ಈ ಕೈಯನ್ನು, ಅನ್ನವನ್ನಲ್ಲ.

ಎಷ್ಟು ಅಶ್ವಶಕ್ತಿ ಬೇಕು?

ಹೆಚ್ಚೇನೂ ಬೇಡ. ಆಳು, ಬೆಲ್ಟು, ಸಲಕರಣೆ ಎಲ್ಲ ಸೇರಿ 100 ಕಿಲೋ ಎಂದು ಧಾರಾಳವಾಗಿಯೇ ಹಿಡಿಯೋಣ. ಸೆಕೆಂಡಿಗೆ 30 ಸೆಂಟಿಮೀಟರಿನಂತೆ ಏರಿಸಲು ಸುಮಾರು 300 ವ್ಯಾಟ್ ಸಾಕು. ಗಿಯರು, ರಾಟೆಗಳ ಘರ್ಷಣೆಯಲ್ಲಿ ಅರ್ಧ ನಷ್ಟವಾದರೂ 600 ವ್ಯಾಟ್. ಒಂದು ಅಶ್ವಶಕ್ತಿಯ ಮೋಟಾರು ಇದನ್ನು ನಿಭಾಯಿಸುತ್ತದೆ. 12 ಮೀಟರಿನಂತೆ 50 ಸಲ ಏರಿಸಿದರೆ ಖರ್ಚಾಗುವ ವಿದ್ಯುತ್ತು ಒಂದು ಯೂನಿಟ್ಟಿನ ಮೂರನೆಯ ಒಂದು ಭಾಗ. ಇದಕ್ಕಿಂತ ವೇಗವಾದ ಯಂತ್ರ ಬೇಡವೇ ಬೇಡ. ಕೊಂಬೆಗೆ ತಲೆ ತಗಲುವ ಮೊದಲು ‘ನಿಲ್ಲಿಸು’ ಎಂದು ಕೂಗಿ, ಕೆಳಗಿನವನು ನಿಲ್ಲಿಸುವಷ್ಟು ಸಮಯ ಉಳಿಯಬೇಕು.

ಕವಲಿನ ಮೇಲೆ ಬೀಳುವ ಭಾರ

ಬಹಳ ಮಂದಿ ಎಡವುವುದು ಇಲ್ಲಿಯೇ. ವಿಂಚನ್ನು ನೆಲದಲ್ಲಿ ಮರದ ಬುಡಕ್ಕೆ ಬಿಗಿದು, ಮೇಲಿನ ಕವಲಿಗೆ ಕಟ್ಟಿದ ರಾಟೆಯ ಮೂಲಕ ಹಗ್ಗ ಹಾಯಿಸಿ 80 ಕಿಲೋ ಭಾರವನ್ನು ಎತ್ತಿದಾಗ ಕವಲಿನ ಮೇಲೆ ಬೀಳುವುದು 80 ಕಿಲೋ ಅಲ್ಲ, 160 ಕಿಲೋ. ಒಂದು ಕಡೆ ಆಳು ಜಗ್ಗುತ್ತಾನೆ, ಇನ್ನೊಂದು ಕಡೆ ಅಷ್ಟೇ ಬಲದಿಂದ ವಿಂಚು ಜಗ್ಗುತ್ತದೆ. ಬಾವಿಯ ರಾಟೆಯ (ಮಲೆನಾಡಿನಲ್ಲಿ ಗಡಗಡೆ ಎನ್ನುವರು) ಅಡ್ಡ ಮರವು ಕೊಡದ ಭಾರಕ್ಕಿಂತ ಗಟ್ಟಿಯಾಗಿರುವುದು ಸುಮ್ಮನೆ ಅಲ್ಲ.

ರಾಟೆ ಕಟ್ಟದೆ ಹಗ್ಗವನ್ನು ನೇರವಾಗಿ ತೊಗಟೆಯ ಮೇಲೆಯೇ ಹಾಯಿಸಿದರೆ ಸ್ಥಿತಿ ಇನ್ನೂ ಕೆಡುತ್ತದೆ. ತೊಗಟೆಯ ಉಜ್ಜಾಟದಿಂದಾಗಿ ವಿಂಚಿನ ಕಡೆಯ ಜಗ್ಗು ಆಳಿನ ತೂಕದ ಎರಡು ಪಟ್ಟನ್ನೂ ಮೀರಬಹುದು. ಕವಲಿನ ಭಾರ 250 ಕಿಲೋ ದಾಟಬಹುದು. ಹಗ್ಗವೂ ಸವೆಯುತ್ತದೆ, ತೊಗಟೆಯೂ ಸುಲಿಯುತ್ತದೆ. ಆದುದರಿಂದ ರಾಟೆ ಇಲ್ಲದೆ ಆಳನ್ನು ಎತ್ತಲೇ ಕೂಡದು.

ಭಾರವನ್ನು ಅರ್ಧಕ್ಕೆ ಇಳಿಸುವ ಉಪಾಯವೂ ಇದೆ. ಹಗ್ಗದ ತುದಿಯನ್ನು ಮೇಲೆ ಕವಲಿಗೇ ಕಟ್ಟಿ, ಚಿಕ್ಕ ಬ್ಯಾಟರಿ ವಿಂಚನ್ನು ಆಳಿನ ಸೊಂಟದ ಬೆಲ್ಟಿಗೆ ಬಿಗಿದರೆ, ಯಂತ್ರ ಹಗ್ಗವನ್ನು ಹಿಡಿದು ಮೇಲೇರುತ್ತದೆ. ಆಗ ಕವಲಿಗೆ ಆಳಿನ ಮತ್ತು ಯಂತ್ರದ ತೂಕ ಮಾತ್ರ. ನಿಲ್ಲಿಸುವ ಗುಂಡಿಯೂ ಏರುವವನ ಕೈಯಲ್ಲಿಯೇ ಇರುತ್ತದೆ. ಬೆಲೆ ಹೆಚ್ಚಾದರೂ ನನ್ನ ಒಲವು ಈ ವಿಧಾನದ ಕಡೆಗೇ.

ಮರದ ಆಯ್ಕೆ

ಹಲಸು, ಮಾವು, ನೇರಳೆ, ಕಾಫಿ ತೋಟದ ಕಾಡು ನೆರಳು ಮರಗಳು ವಿಂಚಿಗೆ ಒಗ್ಗುತ್ತವೆ. ಅವುಗಳಿಗೆ ಗಟ್ಟಿ ಕವಲುಗಳಿವೆ. ಒಮ್ಮೆ ಏರಿದ ಆಳು ಅಲ್ಲಿಯೇ ಒಂದೆರಡು ಗಂಟೆ ಕೆಲಸ ಮಾಡುವುದರಿಂದ ಹಗ್ಗ ಕಟ್ಟುವ ಸಮಯವೂ ನಷ್ಟವಲ್ಲ. ಸಿಲ್ವರ್ ಓಕ್ ಮರದ ಪಕ್ಕದ ರೆಂಬೆಗಳು ಪೆಳಸು, ಹಾಲವಾಣದ ಮರ ಮೆದು; ಇವೆರಡಕ್ಕೂ ಏಣಿಯೇ ಲೇಸು.

ಅಡಿಕೆ, ತೆಂಗುಗಳಿಗೆ ಕವಲೇ ಇಲ್ಲ. ಸೋಗೆಯ ಅಥವಾ ಗರಿಯ ಬುಡಕ್ಕೆ ಹಗ್ಗ ಎಸೆದು ಅದರ ಮೇಲೆ ಮನುಷ್ಯನನ್ನು ತೂಗುಹಾಕುವುದು ಆತ್ಮಹತ್ಯೆಗೆ ಸಮ. ಅಲ್ಲದೆ ಅಡಿಕೆಯಲ್ಲಿ ನುರಿತ ಕೊನೆಗಾರ ಒಂದು ಮರ ಏರಿದ ಮೇಲೆ ತಲೆಯನ್ನು ತೂಗಿ ಪಕ್ಕದ ಮರ ಹಿಡಿಯುತ್ತಾನೆ, ಅಲ್ಲಿಂದ ಮತ್ತೊಂದಕ್ಕೆ ದಾಟುತ್ತಾನೆ. ಒಂದೇ ಏರಿಕೆಯಲ್ಲಿ ಹಲವು ಮರಗಳ ಕೊನೆ ಇಳಿಯುತ್ತದೆ. ಪ್ರತಿ ಮರಕ್ಕೂ ಇಳಿದು ಹತ್ತಬೇಕಾದ ಯಾವ ಯಂತ್ರವೂ ಅವನ ಈ ಮಿತವ್ಯಯವನ್ನು ಸುಲಭವಾಗಿ ಮೀರಲಾರದು. ಅಂಥ ಕೊನೆಗಾರ ಸಿಗದ ಕಡೆ ಮಾತ್ರ ಪ್ರಶ್ನೆ ಬೇರೆ. ಕಾಂಡವನ್ನೇ ಚಕ್ರಗಳಿಂದ ಹಿಡಿದು ಏರುವ, ಬಂಟ್ವಾಳ ತಾಲ್ಲೂಕಿನ ಕೃಷಿಕರೊಬ್ಬರು ರೂಪಿಸಿದ ಪೆಟ್ರೋಲ್ ಯಂತ್ರ 2019ರಲ್ಲಿ ದೇಶದ ಗಮನ ಸೆಳೆಯಿತು. ನೆಲದಿಂದಲೇ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಯೂ ಈಗ ಬಳಕೆಯಲ್ಲಿದೆ. ಮನುಷ್ಯನನ್ನು ಎತ್ತುವುದಕ್ಕಿಂತ ಕತ್ತಿಯನ್ನಷ್ಟೇ ಎತ್ತುವುದು ಎಷ್ಟೋ ಹಗುರ ಕೆಲಸ! ತೆಂಗಿಗೆ ಕೇರಳದ ಚೆಂಬೇರಿ ಮಾದರಿಯ ಕಾಲು ಸಾಧನವಿದೆ. ಇದರಲ್ಲಿ ಎಂಜಿನ್ ಇಲ್ಲ. ಭಾರವನ್ನು ತೋಳಿನಿಂದ ಕಾಲಿಗೆ ದಾಟಿಸುವುದೇ ಅದರ ಗುಟ್ಟು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ತರಬೇತಿಯನ್ನು ಆರಂಭಿಸಿದಾಗ ಯುವಕರಿಗೆ ಕಲಿಸಿದ್ದು ಸಾಧನದಿಂದ ಏರುವುದನ್ನೇ.

ಹಗ್ಗ ಏರಿಸುವ ಕ್ರಮ

ಮೊದಲು ಸಣ್ಣ ದಾರಕ್ಕೆ ಮರಳಿನ ಪುಟ್ಟ ಚೀಲ ಕಟ್ಟಿ ಕವಲಿನಾಚೆ ಎಸೆಯಬೇಕು. ಎತ್ತರ ಹೆಚ್ಚಿದ್ದರೆ ದೊಡ್ಡ ಕವಣೆ ಬಳಸಬಹುದು. ಆ ದಾರದಿಂದ ದಪ್ಪ ಹಗ್ಗವನ್ನು ಎಳೆದುಕೊಂಡು, ಅದರ ಜೀರುಕುಣಿಕೆಯಲ್ಲಿ ರಾಟೆಯನ್ನು ಕಟ್ಟಿ ಮೇಲಕ್ಕೆ ಬಿಗಿಯಬೇಕು. ಹಗ್ಗ ಮುಖ್ಯ ಕಾಂಡದ ಕವಲಿನಲ್ಲಿಯೇ ಕೂತಿದೆಯೆ ಎಂದು ಎರಡು ಕಡೆಯಿಂದ ನೋಡತಕ್ಕದ್ದು. ಬಳಿಕ ರಾಟೆಯಲ್ಲಿ ಹಾಯ್ದ ಹಗ್ಗದ ಒಂದು ತುದಿಯನ್ನು ಬುಡಕ್ಕೆ ಕಟ್ಟಿ, ಇನ್ನೊಂದಕ್ಕೆ ಇಬ್ಬರು, ಕಾಲು ನೆಲದಿಂದ ಗೇಣಷ್ಟೇ ಮೇಲಿರುವಂತೆ ಜೋತುಬೀಳಬೇಕು. ಕವಲಿನ ಮೇಲೆ ಆಗ ಸುಮಾರು 240 ಕಿಲೋ ಬೀಳುತ್ತದೆ. ಕವಲು ಸದ್ದು ಮಾಡಿದರೆ, ಒಣ ಪುಡಿ ಉದುರಿದರೆ ಆ ಮರವನ್ನು ಬಿಟ್ಟುಬಿಡಿ.

ಯಂತ್ರ ಕೊಳ್ಳುವಾಗ

ಕಟ್ಟಡದ ಕೆಲಸಕ್ಕೆ ಇಟ್ಟಿಗೆ, ಸಿಮೆಂಟ್ ಎತ್ತುವ ಅಗ್ಗದ ಮೋಟಾರು ವಿಂಚುಗಳು ಅಂಗಡಿಯಲ್ಲಿ ಸಿಗುತ್ತವೆ. ಮನುಷ್ಯರನ್ನು ಎತ್ತಬಾರದೆಂದು ಅವುಗಳ ಮೇಲೆಯೇ ಬರೆದಿರುತ್ತದೆ. ಸಾಮಾನಿಗೆ ಹೊಂದಿಸಿದ ಬ್ರೇಕು ಮನುಷ್ಯನಿಗೆ ಸಾಲದು. ಕರೆಂಟು ಹೋದೊಡನೆ ತಾನಾಗಿ ಹಿಡಿಯುವ ಬ್ರೇಕು, ಕೈಯಿಂದ ನಿಧಾನವಾಗಿ ಇಳಿಸುವ ಏರ್ಪಾಡು, ಮನುಷ್ಯರನ್ನು ಎತ್ತಲು ಯೋಗ್ಯವೆಂಬ ತಯಾರಕರ ಲಿಖಿತ ಖಾತರಿ, ಈ ಮೂರೂ ಇಲ್ಲದ ಯಂತ್ರವನ್ನು ಆಳಿಗೆ ಉಪಯೋಗಿಸಬೇಡಿ. ಕಡಿದ ಕೊಂಬೆಗಳನ್ನು ಗಿಡದ ಮೇಲೆ ಬೀಳದಂತೆ ಇಳಿಸಲು ಧಾರಾಳವಾಗಿ ಬಳಸಿ.

ವಿಂಚಿನ ಹಗ್ಗವಲ್ಲದೆ ಇನ್ನೊಂದು ರಕ್ಷಣಾ ಹಗ್ಗ ಇರಲೇಬೇಕು, ಅದೂ ಬೇರೊಂದು ಕವಲಿನಿಂದ. ವಿದ್ಯುತ್ ತಂತಿ ಹಾಯ್ದ ತೋಟದಲ್ಲಿ ಉಕ್ಕಿನ ತಂತಿಯ ವಿಂಚೂ ಬೇಡ, ಅಲ್ಯುಮಿನಿಯಂ ಏಣಿಯೂ ಬೇಡ. ನಾರಿನ ಹಗ್ಗ, ಸಂತೆಯ ಪ್ಲಾಸ್ಟಿಕ್ ಹಗ್ಗ ಇದಕ್ಕೆ ಆಗದು. ಏರುವವರಿಗೆಂದೇ ಹೆಣೆದ 11ರಿಂದ 13 ಮಿಲಿಮೀಟರ್ ದಪ್ಪದ ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗವನ್ನೇ ತರಬೇಕು. ಅದನ್ನು ಬಿಸಿಲಲ್ಲಿ ಬಿಡದೆ, ಬ್ಯಾಟರಿಯ ಆಮ್ಲ, ಮೈಲುತುತ್ತದ ನೀರು ತಾಗದಂತೆ ಚೀಲದಲ್ಲಿಡಿ. ಪ್ರತಿದಿನ ಬೆಳಗ್ಗೆ ಇಡೀ ಹಗ್ಗವನ್ನು ಬರಿಗೈಯಲ್ಲಿ ಜಾರಿಸಿ ನೋಡಬೇಕು. ಗಂಟು ಕಟ್ಟಿದಂತೆ ಗಟ್ಟಿಯಾಗಿಯೋ, ಒಳಗೆ ಟೊಳ್ಳಾದಂತೆ ಮೆತ್ತಗೋ ಸಿಕ್ಕಿದ ಜಾಗವಿದ್ದರೆ ಆ ಹಗ್ಗವನ್ನು ಅಲ್ಲಿಯೇ ತುಂಡು ಮಾಡಿ ದನ ಕಟ್ಟಲು ಕೊಡಿ. ಇಡಿಯಾಗಿ ಬಿಟ್ಟರೆ ಯಾರಾದರೂ ಮತ್ತೆ ಅದನ್ನು ಮರಕ್ಕೆ ಒಯ್ಯುತ್ತಾರೆ.