ಸೋತವರ ಪಾಲಿಗೆ ಪಾತ್ರೆ

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಟ್ಟಿಗಿರುವ ನೀವು ಆರು ಜನ ಭಾನುವಾರದ ಕ್ರಿಕೆಟ್‌ನಿಂದಾಗಿ ಮಾತು ಬಿಟ್ಟಿದ್ದೀರಿ. ಆಟವನ್ನೇ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ಬೇಡ. ದೋಷ ಆಟದ್ದಲ್ಲ. ಎಂದೂ ಬದಲಾಗದ ಎರಡು ತಂಡ, ಜೊತೆಗೆ ಸೋತವರು ವಾರವಿಡೀ ಪಾತ್ರೆ ತೊಳೆಯಬೇಕೆಂಬ ಪಣ, ಇವೇ ಮೂಲ. 1954ರಲ್ಲಿ ಅಮೆರಿಕದ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ ಮನಶ್ಶಾಸ್ತ್ರಜ್ಞ ಮುಜಫರ್ ಶರೀಫ್ ಮತ್ತು ಸಂಗಡಿಗರು ಹುಡುಗರನ್ನು ಎರಡು ಗುಂಪು ಮಾಡಿ ಬೇಸ್‌ಬಾಲ್, ಹಗ್ಗಜಗ್ಗಾಟ ಆಡಿಸಿದರು. ಬಹುಮಾನದ ಪೈಪೋಟಿ ಬೈಗುಳಕ್ಕೆ, ಎದುರಾಳಿಗಳ ಬಾವುಟ ಸುಡುವುದಕ್ಕೆ ಹೋಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೂ ಜಗಳ ನಿಲ್ಲಲಿಲ್ಲ. ನೀರು ನಿಂತಾಗ, ಲಾರಿ ಕೆಟ್ಟಾಗ ಎಲ್ಲರೂ ಕೈಹಚ್ಚಬೇಕಾಯಿತು. ಆಮೇಲೆ ಹಗೆ ಇಳಿಯತೊಡಗಿತು.

ಅವರು ಹನ್ನೊಂದು-ಹನ್ನೆರಡು ವರ್ಷದ ಹುಡುಗರು, ನಾವು ದುಡಿಯುವವರು ಎನ್ನಬಹುದು. ಸಂಘಟಕರೇ ಜಗಳಕ್ಕೆ ದಾರಿ ಮಾಡಿಕೊಟ್ಟರೆಂಬ ಟೀಕೆಯೂ ಆ ಪ್ರಯೋಗಕ್ಕಿದೆ. ಒಪ್ಪೋಣ. ಆದರೆ ನಿಮ್ಮ ಮನೆಯಲ್ಲಿ ಆ ಕೆಲಸವನ್ನು ನಿಮ್ಮ ಪಣವೇ ಮಾಡುತ್ತಿದೆ: ಭಾನುವಾರದ ಸೋಲು ಶನಿವಾರದವರೆಗೂ ಸಿಂಕಿನಲ್ಲಿ ಕೂತಿರುತ್ತದೆ. (ದಣಿದು ಬಂದವರಿಗೆ ಎಂಜಲು ತಟ್ಟೆ ತಮಾಷೆಯಲ್ಲ.) ಪಣವಿಲ್ಲದೆ ಮಜಾ ಇಲ್ಲವೆಂದರೆ ಸೋತವರು ಅಲ್ಲೇ ಒಂದು ಸುತ್ತು ಕಾಫಿ ಕೊಡಿಸಲಿ, ಲೆಕ್ಕ ಅಂದೇ ಚುಕ್ತಾ. ತಂಡಗಳನ್ನು ಪ್ರತಿ ಸಲವೂ ಚೀಟಿ ಎತ್ತಿ ಮಾಡಿ. ತಿಂಗಳಿಗೊಂದು ಭಾನುವಾರ ಬ್ಯಾಟು ಬಿಟ್ಟು ಮಾಗಡಿ ಬಳಿಯ ಸಾವನದುರ್ಗಕ್ಕೆ ಹೋಗಿ, ಯಾರು ಮೊದಲು ತುದಿ ಮುಟ್ಟಿದರೆಂದು ಎಣಿಸದೆ ಬಂಡೆ ಹತ್ತಿ. ಪಾತ್ರೆಗೆ ಆರೂ ಜನರ ಸರದಿ ಪಟ್ಟಿಯನ್ನು ಮಾತ್ರ ಇವತ್ತೇ ಅಡುಗೆಮನೆ ಗೋಡೆಗೆ ಅಂಟಿಸಿ.