ಎರಡು ತಂತಿಗಳಿಗೂ ಪ್ರಿಂಟರ್ ಪೋರ್ಟಿಗೂ ನಡುವಣ ಚಿಪ್

ವಾಚಕರೇ, ಹಳೆಯ ಕಂಪ್ಯೂಟರಿನ ಬೆನ್ನಿನಲ್ಲಿ 25 ತೂತುಗಳ ಅಗಲವಾದ ಪೋರ್ಟೊಂದನ್ನು ನಿಮ್ಮಲ್ಲಿ ಅನೇಕರು ಕಚೇರಿಗಳಲ್ಲಿ ನೋಡಿರಬಹುದು. ಪ್ರಿಂಟರಿನ ಕೇಬಲನ್ನು ಅದಕ್ಕೆ ಸಿಕ್ಕಿಸುತ್ತಿದ್ದರು. ಇದೇ ಪ್ಯಾರಲೆಲ್ ಪೋರ್ಟು. 1981ರಲ್ಲಿ ಹೊರಬಂದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನಿಂದ ಇದು ರೂಢಿಗೆ ಬಂದಿತು. ಎಂಟು ತಂತಿಗಳಲ್ಲಿ ಎಂಟು ಬಿಟ್‌ಗಳನ್ನು ಒಟ್ಟಿಗೆ ಕಳುಹಿಸುವುದು ಇದರ ಕ್ರಮ.

ಇದಕ್ಕಿಂತ ಬೇರೆಯಾದ ಕ್ರಮವೊಂದುಂಟು. ಹಾಲೆಂಡಿನ ಫಿಲಿಪ್ಸ್ ಕಂಪನಿಯವರು 1982ರಲ್ಲಿ ರೂಪಿಸಿದ ಐ-ಸ್ಕ್ವೇರ್ಡ್-ಸಿ ಬಸ್ಸಿನಲ್ಲಿ ಸಂಕೇತಕ್ಕೆಂದು ಎರಡೇ ತಂತಿಗಳು. ಒಂದು ಮಾಹಿತಿಗೆ, ಇನ್ನೊಂದು ತಾಳಕ್ಕೆ. ಬಿಟ್‌ಗಳು ಒಂದರ ಹಿಂದೊಂದು ಸಾಲಾಗಿ ಹೋಗುವುವು. ಪ್ರತಿಯೊಂದು ಚಿಪ್‌ಗೂ ವಿಳಾಸವುಂಟು. ಯಾವ ವಿಳಾಸವನ್ನು ಕರೆದರೋ ಆ ಚಿಪ್ ಮಾತ್ರ ಉತ್ತರ ಕೊಡತಕ್ಕದ್ದು.

ಹಾಗಾದರೆ ಪೋರ್ಟಿನ ಎರಡು ತಂತಿಗಳನ್ನೇ ನೇರವಾಗಿ ಜೋಡಿಸಬಾರದೇಕೆ?

ಗಂಟೆಯ ಹಗ್ಗ ಕಟ್ಟಿದ ಸಿಟಿ ಬಸ್ಸನ್ನು ನೆನೆಯಿರಿ. ಹಗ್ಗವನ್ನು ಕಂಡಕ್ಟರೂ ಎಳೆಯಬಹುದು, ಪ್ರಯಾಣಿಕನೂ ಎಳೆಯಬಹುದು. ಎಲ್ಲರೂ ಕೈಬಿಟ್ಟಾಗ ಸ್ಪ್ರಿಂಗು ಅದನ್ನು ಸ್ವಸ್ಥಾನಕ್ಕೆ ತರುತ್ತದೆ. ಎರಡು ತಂತಿಗಳ ನಿಯಮವೂ ಇದೇ. ಯಾವ ಚಿಪ್ ಆದರೂ ತಂತಿಯನ್ನು ಸೊನ್ನೆಗೆ ಎಳೆಯಬಹುದು. ಯಾವುದೂ ಮೇಲಕ್ಕೆ ತಳ್ಳಬಾರದು. ಎಲ್ಲವೂ ಬಿಟ್ಟಾಗ ಒಂದು ರೆಸಿಸ್ಟರು ತಂತಿಯನ್ನು 5 ವೋಲ್ಟಿಗೆ ಏರಿಸುತ್ತದೆ. ಎಂಟು ಬಿಟ್‌ಗಳಾದ ಮೇಲೆ, ಒಂಬತ್ತನೆಯ ತಾಳದಲ್ಲಿ, ಕೇಳಿಸಿಕೊಂಡ ಚಿಪ್ ಮಾಹಿತಿಯ ತಂತಿಯನ್ನು ಕೆಳಗೆಳೆದು ‘ಬಂದು ತಲುಪಿತು’ ಎಂದು ತಿಳಿಸುತ್ತದೆ.

ಪ್ರಿಂಟರ್ ಪೋರ್ಟಿನ ಸ್ವಭಾವ ಹೀಗಲ್ಲ. ಅದು ಎಳೆಯುವುದೂ ಉಂಟು, ತಳ್ಳುವುದೂ ಉಂಟು. ಅದು ತಳ್ಳುತ್ತಿರುವಾಗ ಚಿಪ್ ಎಳೆದರೆ ಎರಡಕ್ಕೂ ಜಗ್ಗಾಟವಾಗುವುದು. ಉತ್ತರ ಕೇಳಿಸದು, ಚಿಪ್‌ಗೋ ಪೋರ್ಟಿಗೋ ಅಪಾಯವೂ ಆಗಬಹುದು.

ಆದುದರಿಂದ ನಡುವೆ 7405 ಎಂಬ ಅಗ್ಗದ ಚಿಪ್ಪನ್ನು ನಿಲ್ಲಿಸಬಹುದು. ಇದಕ್ಕೆ 14 ಕಾಲುಗಳು: ಆರು ಗೇಟುಗಳಿಗೆ ಹನ್ನೆರಡು, ವಿದ್ಯುತ್ತಿಗೆ ಎರಡು. ಇದರ ಗೇಟು ಎಳೆಯಬಲ್ಲದು, ಬಿಡಬಲ್ಲದು, ತಳ್ಳಲಾರದು. ಒಂದು ಗೇಟು ತಾಳದ ತಂತಿಗೆ, ಎರಡನೆಯದು ಮಾಹಿತಿಯ ತಂತಿಗೆ. ಮೂರನೆಯದು ಮಾಹಿತಿಯ ತಂತಿಯನ್ನು ಓದಿ ಪೋರ್ಟಿಗೆ ಹಿಂದಕ್ಕೆ ಹೇಳುತ್ತದೆ. ಅದರ ಹೊರಗಾಲಿಗೂ ಒಂದು ರೆಸಿಸ್ಟರು ಬೇಕು. ಗೇಟು ಎಲ್ಲವನ್ನೂ ತಿರುಗುಮುರುಗು ಮಾಡುವುದರಿಂದ, ತಂತಿಯಲ್ಲಿ 1 ಬೇಕಾದರೆ ಪ್ರೋಗ್ರಾಮು 0 ಬರೆಯಬೇಕು.

ಲಾಭವನ್ನು ಲೆಕ್ಕ ಹಾಕೋಣ. ಪಿ.ಸಿ.ಎಫ್. 8574 ಎಂಬ ಚಿಪ್‌ಗೆ ವಿಳಾಸದ ಕಾಲುಗಳು ಮೂರು. 2×2×2, ಅಂದರೆ ಇಂತಹ ಎಂಟು ಚಿಪ್‌ಗಳನ್ನು ಒಂದೇ ಬಸ್ಸಿಗೆ ಕಟ್ಟಬಹುದು. ಒಂದೊಂದಕ್ಕೂ ಎಂಟು ದಾರಿಗಳು. ಎರಡು ತಂತಿಗಳಿಂದ 64 ದೀಪಗಳನ್ನು ಹತ್ತಿಸಿ ಆರಿಸಬಹುದಾಯಿತು!

ಹೊಸ ಕಂಪ್ಯೂಟರುಗಳಲ್ಲಿ ಪ್ರಿಂಟರ್ ಪೋರ್ಟು ಅಪರೂಪ. ಆದರೆ ಎರಡು ತಂತಿಯ ಬಸ್ಸು ಮಾನಿಟರಿನಲ್ಲಿಯೂ ಮೊಬೈಲಿನಲ್ಲಿಯೂ ಇಂದಿಗೂ ದುಡಿಯುತ್ತಿದೆ. ರಿಪೇರಿಯ ಮೇಜಿನ ಮುಂದೆ ಕೂತು ಅನ್ನ ಸಂಪಾದಿಸುವ ಬಂಧುಗಳು ಇಷ್ಟನ್ನು ನೆನಪಿಡಬೇಕು. ಕೆಲಸವಿಲ್ಲದಾಗ ಎರಡು ತಂತಿಗಳೂ ಆ ಯಂತ್ರದ ಬಸ್ಸಿಗೆ ಗೊತ್ತಾದ ವೋಲ್ಟೇಜಿನ ಹತ್ತಿರ ಇರತಕ್ಕದ್ದು. ಮೀಟರಿನಲ್ಲಿ ಒಂದು ಸೊನ್ನೆಯಲ್ಲೇ ನಿಂತಿದ್ದರೆ, ಯಾವುದೋ ಒಂದು ಚಿಪ್ ಹಗ್ಗವನ್ನು ಹಿಡಿದು ಬಿಡದಿರಬಹುದು, ಇಲ್ಲವೇ ರೆಸಿಸ್ಟರು ಕಡಿದಿರಬಹುದು. ಒಂದರ ದೋಷಕ್ಕೆ ಎಲ್ಲವೂ ಮೂಕವಾಗುವುವು. ಎಲ್ಲ ಚಿಪ್‌ಗಳನ್ನೂ ಬದಲಾಯಿಸಿ ಗಿರಾಕಿಯ ಹಣ ಕಳೆಯುವ ಮೊದಲು ಆ ಒಂದನ್ನು ಹುಡುಕಿರಿ.