ಶಿಶುಪಾಲನೆಯ ರೂಢಿಗಳು ಮತ್ತು ಮಗುವಿನ ಬೆಳವಣಿಗೆ: ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಹೆಬ್ಬೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕೆಮ್ಮಣ್ಣುಗುಂಡಿಯ ಸಮೀಪದ ಜಲಪಾತ ಮತ್ತು ಅದಕ್ಕೆ ಜೀಪಿನಲ್ಲಿ ಸಾಗುವ ಕಾಡುದಾರಿ. ಆ ಸೀಮೆಯ ಕಾಫಿ ತೋಟಗಳಲ್ಲಿ, ಕೂಲಿ ಲೈನುಗಳಲ್ಲಿ ಹಸುಗೂಸುಗಳನ್ನು ಸಾಕುತ್ತಿರುವ ತಾಯಂದಿರ ಪಾಲಿಗೆ ಅದೇ ದಾರಿ ಬೇರೆಯದೇ ಪ್ರಶ್ನೆಯನ್ನು ಒಡ್ಡುತ್ತದೆ: ಮಳೆಗಾಲದ ರಾತ್ರಿ ಮಗುವಿಗೆ ಉಸಿರು ಕಟ್ಟಿದರೆ ತರೀಕೆರೆಯ ಆಸ್ಪತ್ರೆಗೆ ತಲುಪಲು ಎಷ್ಟು ಹೊತ್ತು ಬೇಕು? ಘಟ್ಟ ಇಳಿದು ಅಜ್ಜಂಪುರ, ಕಡೂರುಗಳ ಕಡೆಗೆ ಬಂದರೆ ರಾಗಿ, ತೆಂಗು, ಈರುಳ್ಳಿಯ ಬಯಲು. ಅಲ್ಲಿ ಆಸ್ಪತ್ರೆ ಹತ್ತಿರ, ನೀರು ದೂರ. ಒಂದೇ ಜಿಲ್ಲೆಯ ಈ ಎರಡು ಸೀಮೆಗಳಲ್ಲಿ ಮಗುವನ್ನು ಸಾಕುವ ಕಷ್ಟಗಳು ಬೇರೆ ಬೇರೆ. ರೂಢಿಗಳು ಮಾತ್ರ ಬಹುಪಾಲು ಒಂದೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಶೇ. 32.9ರಷ್ಟು ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಎತ್ತರ ಕುಂಠಿತವಾದ ಮಗು ಕಣ್ಣಿಗೆ ರೋಗಿಯಂತೆ ಕಾಣುವುದಿಲ್ಲ. ಆಡುತ್ತದೆ, ನಗುತ್ತದೆ, ‘ಅಪ್ಪನಂತೆಯೇ ಕುಳ್ಳ’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಆದುದರಿಂದಲೇ ಈ ಕೊರತೆ ಗ್ರಾಮಸಭೆಯಲ್ಲಿ ಚರ್ಚೆಗೆ ಬರುವುದು ಅಪರೂಪ. ಗರ್ಭದ 270 ದಿನ, ಹುಟ್ಟಿದ ಬಳಿಕದ 730 ದಿನ, ಹೀಗೆ ಒಟ್ಟು ಸಾವಿರ ದಿನಗಳಲ್ಲಿ ಮಿದುಳಿನ ಬೆಳವಣಿಗೆ ಅತಿ ವೇಗವಾಗಿ ನಡೆಯುತ್ತದೆ. ಆಗ ಉಂಟಾದ ನಷ್ಟವನ್ನು ಮುಂದೆ ಶಾಲೆಯ ಬಿಸಿಯೂಟದಿಂದ ಪೂರ್ತಿಯಾಗಿ ತುಂಬಿಕೊಡಲಾಗದು.

ಹಳೆಯ ರೂಢಿಗಳೆಲ್ಲ ಹಾನಿಕರವೆಂದು ತಿಳಿಯುವುದು ತಪ್ಪು. ತವರಿನ ಬಾಣಂತನವು ತಾಯಿಗೆ ದುಡಿಮೆಯಿಂದ ಬಿಡುವು ಕೊಡುತ್ತದೆ. ಹದವಾಗಿ ಎಣ್ಣೆ ನೀವುವುದು, ಮೈಗೆ ಮೈ ತಗುಲಿಸಿ ಮಲಗಿಸುವುದು, ತೊಟ್ಟಿಲು ತೂಗುತ್ತ ಹಾಡುವುದು ಇವೆಲ್ಲ ಮಗುವಿಗೆ ಹಿತಕರ. ಜೋಗುಳ ಕೇಳುತ್ತ, ಅಜ್ಜಿಯ ಮುಖ ನೋಡುತ್ತ ಮಗು ಮಾತು ಕಲಿಯುತ್ತದೆ. ಅಳುವ ಮಗುವಿನ ಕೈಗೆ ಮೊಬೈಲು ಕೊಡುವುದು ಆ ಅಜ್ಜಿಯ ಜಾಗವನ್ನು ತುಂಬಲಾರದು. ಎರಡು ವರ್ಷದೊಳಗಿನ ಮಗುವಿಗೆ ಪರದೆ ತೋರಿಸುವುದು ಸಲ್ಲದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಎಣ್ಣೆಯನ್ನು ಮೂಗು, ಕಿವಿಗಳಿಗೆ ಬಿಡುವುದು, ಹೊಕ್ಕುಳಿಗೆ ಬೂದಿ ಅಥವಾ ಅರಿಸಿನ ಮೆತ್ತುವುದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಕೊಡುವುದು ಅಪಾಯಕರ. ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ಹೊಕ್ಕುಳಿನ ಮೂಲಕ ನಂಜು ರಕ್ತಕ್ಕೆ ಸೇರಬಹುದು.

ಹೆರಿಗೆಯಾದ ಮೊದಲ ದಿನಗಳ ಹಳದಿ ಛಾಯೆಯ ಗಟ್ಟಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿ, ಮಗುವಿಗೆ ಜೇನುತುಪ್ಪ, ಸಕ್ಕರೆ ನೀರು ಅಥವಾ ತೇಯ್ದ ಬಜೆ ನೆಕ್ಕಿಸುವ ರೂಢಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಅಜ್ಜಂಪುರದ ಜನಕ್ಕೆ ಇದರ ತಪ್ಪನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಅಲ್ಲಿನ ತಳಿ ಸಂವರ್ಧನಾ ಕೇಂದ್ರದಲ್ಲಿ ಸಾಕುವ ಅಮೃತ ಮಹಲ್ ರಾಸುಗಳು ದುಡಿಮೆಯ ತಳಿ. ಅವುಗಳ ಹಾಲು ಮೊದಲು ಕರುವಿನ ಪಾಲು. ಈದ ಹಸುವಿನ ಗಿಣ್ಣುಹಾಲು ಕುಡಿಯದ ಕರು ಗಟ್ಟಿಯಾಗಿ ನಿಲ್ಲಲಾರದೆಂದು ಪ್ರತಿಯೊಬ್ಬ ರೈತನಿಗೂ ಗೊತ್ತು. ಮನೆಯ ಕೂಸಿಗೆ ಮಾತ್ರ ಅದೇ ಗಿಣ್ಣನ್ನು ನಿರಾಕರಿಸುವುದು ವಿಚಿತ್ರವೇ ಸರಿ. ತಾಯಿಯ ಗಿಣ್ಣುಹಾಲಿನಲ್ಲಿ ರೋಗನಿರೋಧಕ ಅಂಶಗಳು ಸಾಂದ್ರವಾಗಿರುತ್ತವೆ. ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕುಡಿಸಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ಬೇಸಗೆಯಲ್ಲಿಯೂ ನೀರು ಬೇಡ. ಜೇನುತುಪ್ಪವನ್ನು ಒಂದು ವರ್ಷ ತುಂಬುವ ಮುನ್ನ ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ನಿಶ್ಚೇಷ್ಟಗೊಳಿಸಬಲ್ಲದು.

ಇನ್ನೊಂದು ರೂಢಿಯನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. 2023ರ ಜುಲೈ ತಿಂಗಳಿನಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಕಾರಣ ಊರ ಹೊರಗಿನ ಗುಡಿಸಲಿನಲ್ಲಿ ಬಾಣಂತಿಯನ್ನು ಇರಿಸಲಾಗಿತ್ತು. ಮಳೆ, ಗಾಳಿಗೆ ಶೀತ ತಗುಲಿ ಅವಳ ಹಸುಗೂಸು ತೀರಿಕೊಂಡಿತು. ನಮ್ಮ ಮೂರು ತಾಲೂಕುಗಳ ಬಯಲಿನಲ್ಲಿಯೂ ಹಟ್ಟಿಗಳಿವೆ. ಕೂಸಿನ ಮೈಯಲ್ಲಿ ಕೊಬ್ಬು ಕಡಿಮೆ, ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಆದುದರಿಂದ ದೊಡ್ಡವರಿಗಿಂತ ಬೇಗ ಅದರ ಶಾಖ ಇಳಿಯುತ್ತದೆ. 2.5 ಕಿಲೋಗಿಂತ ಕಡಿಮೆ ತೂಕದ ಕೂಸಿಗಂತೂ ಒಂದು ಚಳಿಯ ರಾತ್ರಿಯೇ ಮಾರಕವಾಗಬಹುದು. ಗರ್ಭಿಣಿಯರನ್ನು, ಋತುಮತಿಯರನ್ನು ಬಲವಂತವಾಗಿ ಪ್ರತ್ಯೇಕಿಸುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನಾ ಅಧಿನಿಯಮದಡಿ ಅಪರಾಧ. ಆದರೂ ಪೊಲೀಸರು ಬರುವ ಮೊದಲೇ ಹಟ್ಟಿಯ ಯಜಮಾನರೊಡನೆ ಕುಳಿತು ಮಾತನಾಡಬಲ್ಲವರು ಆ ವಾರ್ಡಿನ ಸದಸ್ಯರೇ. ದೇವರ ಮೇಲಿನ ಭಕ್ತಿಯನ್ನು ಹಳಿಯದೆ, ಕೂಸಿನ ಮೈಶಾಖದ ಮಾತನ್ನಷ್ಟೇ ಆಡಿದರೆ ಕೇಳುವ ಹಿರಿಯರು ಹಟ್ಟಿಗಳಲ್ಲಿದ್ದಾರೆ. ಊರ ಹೊರಗೆ ಬಾಣಂತಿಯರಿಗಾಗಿ ಕಟ್ಟಡ ಕಟ್ಟಿಸಿಕೊಡುವುದು ಅರೆ ಪರಿಹಾರ ಮಾತ್ರ: ಮಳೆಯೇನೋ ತಪ್ಪುತ್ತದೆ, ಪ್ರತ್ಯೇಕತೆ ಖಾಯಂ ಆಗುತ್ತದೆ.

ಆರು ತಿಂಗಳ ಬಳಿಕ ಊಟದ ಪ್ರಶ್ನೆ. ನಮ್ಮ ರಾಗಿ ಸರಿಗಿಂತ ಒಳ್ಳೆಯ ಮೊದಲ ಆಹಾರವನ್ನು ಹುಡುಕಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವ ಅಜ್ಜಿಯರ ಕ್ರಮದ ಹಿಂದೆ ಲೆಕ್ಕಾಚಾರವಿದೆ. ಮೊಳಕೆಯೊಡೆದಾಗ ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ, ಹಿಟ್ಟು ಕುದಿಸಿದಾಗ ಅಂಟುವುದೂ ಕಡಿಮೆ. ಆಗ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಿದರೂ ಮಗು ನುಂಗಬಲ್ಲದು. ಮೊಳಕೆ ಕಟ್ಟದ ಹಿಟ್ಟನ್ನು ತೆಳ್ಳಗೆ ನೀರು ಮಾಡಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಚಮಚದಿಂದ ತೊಟ್ಟಿಕ್ಕದಷ್ಟು ಗಟ್ಟಿಯಾಗಿರಬೇಕು. ಒಂದು ಚಮಚ ತುಪ್ಪ ಅಥವಾ ಎಣ್ಣೆ, ಹಿಸುಕಿದ ಬೇಳೆ, ಸೊಪ್ಪು, ಒಪ್ಪುವ ಮನೆಗಳಲ್ಲಿ ಮೊಟ್ಟೆ ಸೇರಬೇಕು. ರಾಗಿ ಒಂದೇ ಸಾಲದು: ಅದೇ ಸಮೀಕ್ಷೆಯಲ್ಲಿ ರಾಜ್ಯದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಬಾರಿ, ಅನಂತರ ಮೂರು ನಾಲ್ಕು ಬಾರಿ ಉಣಿಸಿ, ಎರಡು ವರ್ಷದವರೆಗೂ ಎದೆಹಾಲು ಮುಂದುವರಿಸಬೇಕು.

ಇಲ್ಲಿಯೇ ತೋಟದ ಲೈನುಗಳಲ್ಲಿ ತೊಡಕು. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ತಾಯಿ ಬೆಳಿಗ್ಗೆ ಹೊರಟರೆ ಮರಳುವುದು ಸಂಜೆಗೆ. ಮಗುವನ್ನು ನೋಡಿಕೊಳ್ಳುವವಳು ಎಂಟೊಂಬತ್ತು ವರ್ಷದ ಅಕ್ಕ. ಅವಳು ಉಣಿಸುವುದು ಬೆಳಗಿನ ತಣ್ಣನೆಯ ಅನ್ನ ಅಥವಾ ಅಂಗಡಿಯ ಬಿಸ್ಕತ್ತು. ಒಂದು ಮನೆಯಲ್ಲಿ ಇಬ್ಬರು ಮಕ್ಕಳ ನಷ್ಟ: ಒಬ್ಬಳದು ಶಾಲೆ, ಇನ್ನೊಬ್ಬರದು ಊಟ. ತಾಯಿಗೆ ತಿಳಿವಳಿಕೆ ಹೇಳಿದರೆ ಇದು ಸರಿಹೋಗದು, ಅವಳಿಗೆ ತಿಳಿಯದ್ದೇನೂ ಇದರಲ್ಲಿಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕ ಅಧಿನಿಯಮವೇ 50 ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು ವಿಧಿಸಿತ್ತು. ಅದಕ್ಕಿಂತ ಚಿಕ್ಕ ತೋಟಗಳ ಬಹಳಷ್ಟು ಮಕ್ಕಳು ಲೆಕ್ಕದ ಹೊರಗೇ ಉಳಿದರು. ರಾಜ್ಯದ 2023–24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಲಾದ ‘ಕೂಸಿನ ಮನೆ’ಯು ಉದ್ಯೋಗ ಖಾತ್ರಿ ಹಾಗೂ ಇತರ ಕೂಲಿ ಕೆಲಸಕ್ಕೆ ಹೋಗುವ ಗ್ರಾಮೀಣ ತಾಯಂದಿರ ಮಕ್ಕಳಿಗಾಗಿ ರೂಪುಗೊಂಡದ್ದು. ಪಂಚಾಯಿತಿ ಕೇಂದ್ರದಲ್ಲಿ ಕೂಸಿನ ಮನೆ ತೆರೆದು, ಲೈನುಗಳು ಹತ್ತು ಕಿಲೋಮೀಟರು ಆಚೆ ಇದ್ದರೆ ಪ್ರಯೋಜನವಿಲ್ಲ. ಸ್ಥಳ ಗೊತ್ತುಮಾಡುವಾಗ ತಾಯಂದಿರು ನಡೆಯುವ ದಾರಿಯನ್ನು ನೋಡಬೇಕು, ಖಾಲಿ ಇರುವ ಕಟ್ಟಡವನ್ನಲ್ಲ.

ಕೊಯ್ಲಿಗಾಗಿ ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬರುವ ಕುಟುಂಬಗಳ ಮಗು ತನ್ನೂರಿನ ಅಂಗನವಾಡಿಯಲ್ಲಿ ಗೈರುಹಾಜರು, ಇಲ್ಲಿ ಹೆಸರಿಲ್ಲದ್ದು. ಪೋಷಣ್ ಟ್ರ್ಯಾಕರ್‌ನಲ್ಲಿ ಇಂಥ ಮಗುವನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಕೊಯ್ಲು ಆರಂಭವಾದ ವಾರದಲ್ಲಿಯೇ ಸದಸ್ಯರು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆಯರೊಡನೆ ಲೈನುಗಳಿಗೆ ಹೋಗಿ ಆರು ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡಿಸಬೇಕು. ಮೇಸ್ತ್ರಿಯ ಬಾಯಿಲೆಕ್ಕ ಸಾಲದು, ಅವನ ಬಳಿ ಇರುವುದು ದುಡಿಯುವ ಕೈಗಳ ಲೆಕ್ಕ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿ ನೀಡಬೇಕು. ಬಾಣಂತಿ ತವರಿನಲ್ಲಿದ್ದರೆ ಈ ಭೇಟಿಗಳು ಎರಡೂ ಊರುಗಳ ನಡುವೆ ಬಿಟ್ಟುಹೋಗುವುದುಂಟು. ಮಾಸಿಕ ಸಭೆಯಲ್ಲಿ ಸದಸ್ಯರು ಕೇಳಬೇಕಾದದ್ದು ಸರಾಸರಿ ಅಂಕಿಗಳನ್ನಲ್ಲ: ಹೋದ ತಿಂಗಳು ಯಾವ ವಾರ್ಡಿನಲ್ಲಿ ಎಷ್ಟು ಹೆರಿಗೆಯಾಯಿತು, ಅವರಲ್ಲಿ ಎಷ್ಟು ಮಂದಿಯನ್ನು ಮೊದಲ ವಾರ ಯಾರೂ ನೋಡಿಲ್ಲ, ಎರಡು ತಿಂಗಳಿಂದ ತೂಕ ಏರದ ಮಕ್ಕಳು ಎಷ್ಟು. ಮಗುವಿನ ಹೆಸರನ್ನು ಸಭೆಯಲ್ಲಿ ಓದಿ ಹೇಳಬಾರದು. ಅದು ತಾಯಿಯನ್ನು ಅವಮಾನಿಸಿ ಅಂಗನವಾಡಿಯಿಂದ ದೂರ ಮಾಡುತ್ತದೆ. 6ರಿಂದ 59 ತಿಂಗಳ ಮಗುವಿನ ಮೇಲ್ದೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಕಾಯಿಸದೆ ವೈದ್ಯರಿಗೆ ತೋರಿಸಿ, ಅಗತ್ಯವಿದ್ದರೆ ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಅಲ್ಲಿ ತಾಯಿಯೂ ಎರಡು ವಾರದಷ್ಟು ಕಾಲ ಉಳಿಯಬೇಕಾಗುತ್ತದೆ. ಮನೆಯಲ್ಲಿರುವ ಉಳಿದ ಮಕ್ಕಳಿಗೆ ಆ ದಿನಗಳಲ್ಲಿ ಅನ್ನ ಹಾಕುವವರು ಯಾರೆಂಬುದು ಗೊತ್ತಾಗದೆ ಎಷ್ಟೋ ತಾಯಂದಿರು ಮೂರನೆಯ ದಿನವೇ ಮಗುವನ್ನೆತ್ತಿಕೊಂಡು ಮರಳುತ್ತಾರೆ. ಆ ಏರ್ಪಾಡನ್ನು ನೆರೆಯವರೊಡನೆ, ಸ್ವಸಹಾಯ ಸಂಘದೊಡನೆ ಮಾತಾಡಿ ಮುಂಚಿತವಾಗಿ ಮಾಡಿಕೊಡುವುದು ಸದಸ್ಯರಿಂದ ಸಾಧ್ಯ. ಅದಕ್ಕೆ ಅನುದಾನವೂ ಬೇಕಿಲ್ಲ, ಮೇಲಿನವರ ಆದೇಶವೂ ಬೇಕಿಲ್ಲ.